ಬೊಂಬಾಯಿಯಿಂದ ಲಂಡನ್ನಿಗೆ ಎಂಟು ಗಂಟೆ

ತಿಳಿದದ್ದನ್ನು ಹೇಳದೆ ಸುಮ್ಮನಿರುವುದು ಮೇಷ್ಟ್ರುಗಳಿಂದ ಆಗದ ಕೆಲಸ. ಮದುವೆ ಊಟಕ್ಕೆ ಕೂತಾಗಲೂ ಪಕ್ಕದವನ ಒಂದು ತಪ್ಪು ತಿದ್ದದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ. ನಾನು ರಿಪ್ಪನ್‌ಪೇಟೆಯ ಶಾಲೆಯಲ್ಲಿ ಭೂಗೋಳ ಹೇಳುವವನು. ವಿಮಾನವನ್ನು ಕಂಡದ್ದು ಆಕಾಶದಲ್ಲಿ ಮಾತ್ರ, ಅದೂ ಹುಡುಗರು ಬೆರಳು ಮಾಡಿ ತೋರಿಸಿದ ಮೇಲೆ. ಆನಂದಪುರ ದಾಟುವ ಮೊದಲೇ ಬಸ್ಸಿನಲ್ಲಿ ನನಗೆ ತಲೆ ಸುತ್ತುತ್ತದೆ. ಆದರೆ ಬೊಂಬಾಯಿಯಿಂದ ಲಂಡನ್ನಿಗೆ ಎಷ್ಟು ಮೈಲಿ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಈ ವಿದ್ಯೆಯೇ ನನ್ನ ಮಗಳು ಶಾರದೆಗೆ ಕೂಡಿಬಂದ ಸಂಬಂಧವನ್ನು ತಿಂದುಹಾಕಿತು.

ಹುಡುಗ ತೀರ್ಥಹಳ್ಳಿಯವನು, ಓವರ್‌ಸಿಯರ್. ಜಾತಕ ಕೂಡಿತ್ತು, ಹೆಣ್ಣು ನೋಡುವುದೊಂದೇ ಬಾಕಿ. ಚಾವಡಿಗೆ ಸ್ವಲ್ಪ ಕಳೆ ಬರಲಿ ಎಂದು ನಾನು ಶಾಲೆಯ ಗೋಳ ತಂದಿಟ್ಟಿದ್ದೆ. "ಬಂದವ್ರು ಹುಡುಗಿ ನೋಡ್ಲಿ" ಎಂದು ಹೆಂಡತಿ ಅದನ್ನು ಒಳಗೆ ಸಾಗಿಸಿದಳು. ಹುಡುಗನ ಜೊತೆ ಅವನ ತಾಯಿ, ಬೊಂಬಾಯಿಯಲ್ಲಿರುವ ಚಿಕ್ಕಪ್ಪ ಬಂದರು. ಈ ಚಿಕ್ಕಪ್ಪ ಕಂಪನಿ ಕೆಲಸದ ಮೇಲೆ ಒಮ್ಮೆ ಲಂಡನ್ನಿಗೆ ಹೋಗಿ ಬಂದವರು. ಶಾರದೆ ತಟ್ಟೆ ಹಿಡಿದು ನಿಂತ ಹೊತ್ತಿಗೆ ಸರಿಯಾಗಿ, "ಬೊಂಬಾಯಿ ಬಿಟ್ಟು ಲಂಡನ್ ಮುಟ್ಟೋಕೆ ಹನ್ನೆರಡು ಗಂಟೆ ಹಿಡೀತು ಮೇಷ್ಟ್ರೇ" ಎಂದರು. ನಾನು ಕೇಸರಿಬಾತು ಬಿಟ್ಟು ಎದ್ದೆ. ಒಳಗೆ ಹುಡುಕಾಡಿ ಗೋಳ ತಂದೆ. ಮಗಳ ಮುಡಿಗೆ ಹೂ ಕಟ್ಟಿ ಉಳಿದಿದ್ದ ದಾರವನ್ನು ಬೊಂಬಾಯಿಯಿಂದ ಲಂಡನ್ನಿಗೆ ಎಳೆದೆ. ನಾಲ್ಕೂವರೆ ಸಾವಿರ ಮೈಲಿ. ಜೆಟ್ಟಿನ ವೇಗದಿಂದ ಭಾಗಿಸಿದರೆ ಎಂಟು ಗಂಟೆ. "ಉಳಿದ ನಾಲ್ಕು ಗಂಟೆ ಎಲ್ಲಿದ್ರಿ?" ಎಂದು ಕೇಳಿಬಿಟ್ಟೆ. ತಡವಾಗಿ ಬಂದ ವಿದ್ಯಾರ್ಥಿಯನ್ನು ಕೇಳುವ ದನಿಯಲ್ಲೇ ಕೇಳಿದೆನಂತೆ. ಇದು ಅಡಿಗೆಮನೆಯಿಂದ ಕೇಳಿಸಿಕೊಂಡ ಹೆಂಡತಿಯ ವರದಿ.

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?" ಎಂದರು ಚಿಕ್ಕಪ್ಪ.

ನಾನು ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. "ಗೋಳ ಸುಳ್ಳು ಹೇಳೋದಿಲ್ಲ" ಎಂದೆ. ಆಮೇಲೆ ಅವರು ಕಾಫಿ ಮುಟ್ಟಲಿಲ್ಲ. ಗೆದ್ದ ಉಮೇದಿನಲ್ಲಿ ನಾನು ಬಸ್ ಸ್ಟ್ಯಾಂಡಿನವರೆಗೂ ಹೋಗಿ ಅವರನ್ನು ಹತ್ತಿಸಿ ಬಂದೆ. ವಾರದೊಳಗೆ, ಜಾತಕ ಕೂಡಲಿಲ್ಲ ಎಂದು ಹೇಳಿಕಳಿಸಿದರು.

"ಗೆದ್ರಲ್ಲ, ಸಮಾಧಾನ ಆಯ್ತಾ?" ಎಂದು ಹೆಂಡತಿ ಒಂದೇ ಸಲ ಕೇಳಿದಳು. ಆಮೇಲೆ ಯಾರೂ ಹೆಣ್ಣು ನೋಡಲು ಬರಲಿಲ್ಲ. ಮೇಷ್ಟ್ರು ಜಗಳಗಂಟ ಎಂಬ ಸುದ್ದಿ ಹೊಸನಗರ ಮುಟ್ಟಿತ್ತು. ಶಾರದೆ ಎಂದಿನಂತೆ ಕಾಫಿ ತಂದಿಡುತ್ತಿದ್ದಳು. ನಾನು ಅವಳ ಮುಖ ನೋಡದೆ ಲೋಟ ತೆಗೆದುಕೊಳ್ಳುತ್ತಿದ್ದೆ.

ಒಂದು ಸಂಜೆ ತಡೆಯಲಾರದೆ ಅಡಿಗೆಮನೆಗೆ ಹೋಗಿ, "ಆ ಮನುಷ್ಯ ನಾಲ್ಕು ಗಂಟೆ ಎಲ್ಲಿದ್ರು ಅಂತ ಕೊನೆಗೂ ಗೊತ್ತಾಗ್ಲಿಲ್ಲ ನೋಡು" ಎಂದು ಶಾರದೆಯನ್ನು ನಗಿಸಲು ನೋಡಿದೆ.

"ವಿಮಾನ ದಾರೀಲಿ ಎರಡು ಕಡೆ ಇಳಿದಿತ್ತು, ಅಪ್ಪಯ್ಯ. ಕೈರೋದಲ್ಲಿ ಚಹಾ ಕುಡಿದದ್ದನ್ನೂ ಹೇಳಿದ್ರು. ನೀವು ಗೋಳ ತರೋಕೆ ಹೋಗಿದ್ರಿ."

"ಆಗ್ಲೇ ಹೇಳ್ಬಾರ್ದಿತ್ತೇನೇ?"

"ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು ಅಂದಿದ್ರಿ. ಯಾರೂ ಏನೂ ಕೇಳ್ಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಹುಡುಗ ನಿಂಗೆ ಇಷ್ಟ ಆಗಿದ್ನಾ?" ಎಂದೆ.

"ಹೂಂ" ಎಂದು ಅವಳು ದೇವರ ದೀಪ ಹಚ್ಚಲು ಹೋದಳು. ಚಾವಡಿಯಿಂದ ಅಡಿಗೆಮನೆಗೆ ಬಂದು ಇಷ್ಟು ಕೇಳುವುದಕ್ಕೆ ನನಗೆ ಒಂದು ವರ್ಷ ಹಿಡಿದಿತ್ತು. ಹುಡುಗನಿಗೆ ಸಾಗರದ ಕಡೆಯ ಹೆಣ್ಣಿನ ಜೊತೆ ಮದುವೆಯಾಗಿ ಆಗಲೇ ತಿಂಗಳಾಗಿತ್ತು.