ಮುಂದಿನ ಕೋಣೆಯವರು ಮತ್ತು ತಾವರೆ ಕೆರೆ

“೧೯೫೩, ದೀಪಾವಳಿ ಕಳೆದು ಮೂರನೆಯ ದಿನ. ಮುಂದಿನ ಕೋಣೆಗೆ ಸಿಂಧ್ ಕಡೆಯ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅತ್ತೆಗೆ ಅನುಮಾನ.” ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ದಾವಣಗೆರೆಯ ನಮ್ಮ ಬೀದಿಯಲ್ಲಿ ಆಗ ಬಿ.ಎ. ಓದಿದ ಸೊಸೆ ನಾನೊಬ್ಬಳೇ. ಬರೆದಿಡುವ ಕೆಲಸವೂ ನನ್ನದೇ. ದೇಶ ಒಡೆದಾಗ ಮನೆಮಠ ಬಿಟ್ಟು ಬಂದವರು ಪಕ್ಕದಲ್ಲಿದ್ದ ಮೇಲೆ ವಾರಕ್ಕೊಂದಾದರೂ ಬರೆಯುವಂಥದ್ದು ನಡೆದೇ ನಡೆಯುತ್ತಿತ್ತು.

ಷರತ್ತು

ಬೀಗದ ಕೈ ಕೊಡುವ ಮೊದಲೇ ಅತ್ತೆ ಹೇಳಿದರು: “ಈ ಮನ್ಯಾಗೆ ಲಿಂಗಪೂಜೆ ನಡೀತೈತೆ. ಮಾಂಸದ ವಾಸನೆ ಬಂತೋ, ಅವತ್ತೇ ಗಂಟು ಕಟ್ಟಬೇಕು.”

ಆ ಸಿಂಧಿ ಹೆಂಗಸು ನೆಲ ಮುಟ್ಟಿ ಆಣೆ ಮಾಡಿದಳು. ಆರು ವರ್ಷದಲ್ಲಿ ಅದು ಅವರಿಗೆ ಏಳನೆಯ ಮನೆ.

ಅಂದಿನಿಂದ ಅತ್ತೆ ಅಡುಗೆ ಹೊತ್ತಿಗೆ ಸರಿಯಾಗಿ ಕೆಂಡ ಕೇಳಿಕೊಂಡು ಅವರ ಬಾಗಿಲಿಗೆ ಹೋಗುವರು. ಇತ್ತ ನಮ್ಮ ಒಲೆ ಧಗಧಗ ಉರಿಯುತ್ತಿರುತ್ತಿತ್ತು. ಒಂದು ದಿನ ಆಕೆಯೇ ಕೆಂಡ ತಂದಳು. “ಅಮ್ಮಾ, ಇವತ್ತು ನೀವು ಬರಲಿಲ್ಲ. ಪಲ್ಯಾನೂ ತಂದೀನಿ, ಮೂಸಿ ನೋಡ್ರಿ.”

ಚೌಕಾಸಿ

ಆಕೆಯ ಗಂಡ ಬಟ್ಟೆ ಗಂಟು ಹೊತ್ತು ಮಾರುತ್ತಿದ್ದರು. ನಮ್ಮ ಹೆಂಗಸರು ವಾಡಿಕೆಯಂತೆ ಅರ್ಧ ಬೆಲೆಗೆ ಕೇಳಿದರೆ, ಮರುಮಾತಿಲ್ಲದೆ ಅಳೆದು ಕೊಟ್ಟರು. ಸಂಜೆಗೆಲ್ಲಾ ಬಟ್ಟೆ ವಾಪಸ್ಸು. “ಕೇಳಿದ್ದಕ್ಕೇ ಕೊಟ್ಟ ಅಂದ್ರೆ ಏನೋ ಹುಳುಕು ಐತೆ!”

ನಾನು ಹೇಳಿಕೊಟ್ಟೆ: “ಮೊದ್ಲು ಆಗಲ್ಲ ಅನ್ರಿ. ಗಂಟು ಕಟ್ರಿ. ಮೂಲೆ ಮನೆತನಕ ನಡೀರಿ.”

ಮರುದಿನ ಹಾಗೇ ಮಾಡಿದರು. ಮೂಲೆತನಕ ಓಡಿಹೋಗಿ ಅವರನ್ನು ಕರೆತಂದವರು ನಮ್ಮ ಅತ್ತೆ.

ಎಲುಬು

ಒಂದು ಭಾನುವಾರ ಅತ್ತೆ ಮುಂದಿನ ಕೋಣೆಯ ಕಿಟಕಿಯಲ್ಲಿ ಇಣುಕಿದರು. ಒಳಗೆ ಗಂಡ ಬೆಳ್ಳಗಿನ, ತೂತುಳ್ಳ ತುಂಡೊಂದನ್ನು ಕಟಕಟ ಕಡಿಯುತ್ತಿದ್ದಾರೆ.

“ಎಲುಬು! ಗಂಟು ಕಟ್ರಿ!”

ಬೀದಿಯೇ ಸೇರಿತು. ಆಕೆಗೆ ಅಳುವಿನಲ್ಲಿ ಕನ್ನಡ ಹೊರಡಲಿಲ್ಲ. ಒಳಗೆ ಓಡಿ, ಕೆಸರು ಮೆತ್ತಿದ ಉದ್ದನೆಯ ಗೆಡ್ಡೆ ಹಿಡಿದು ಬಂದಳು. ಕೊಯ್ದ ಕಡೆ ಅದೇ ತೂತುಗಳು; ಇನ್ನೊಂದು ತುದಿಯಲ್ಲಿ ತಾವರೆ ಎಲೆಯೊಂದು ಇನ್ನೂ ಅಂಟಿಕೊಂಡಿತ್ತು. ಹರಿಹರದ ದಾರಿಯ ಕೆರೆಯಿಂದ ಕಿತ್ತು ತಂದದ್ದು. ಅತ್ತೆ ಪೂಜೆಗೆ ಹೂವು ತರಿಸುತ್ತಿದ್ದದ್ದೂ ಅದೇ ಕೆರೆಯಿಂದ.

ಅತ್ತೆ ಗೆಡ್ಡೆಯನ್ನು ತಿರುವಿ ಮುರುವಿ ನೋಡಿದರು. “ಶಿವನಿಗೆ ಏರ್ಸೋ ಹೂವಿನ ಬೇರು ಅಂದ್ಮೇಲೆ ಪ್ರಸಾದಾನೇ ಆಯ್ತು. ಎಲ್ಲಿ, ಒಂದು ತುಂಡು ಹಾಕವ್ವ.”

ಎರಡನೆಯ ಸಲ ಹಾಕಿಸಿಕೊಂಡ ಮೇಲೆ, “ಗಂಟು ಕಟ್ಟೋದು ಬ್ಯಾಡ” ಎಂದರು. ಬೀದಿಯವರೂ ರುಚಿ ನೋಡಿದರು.

ಕೊನೆಗೆ ಇದಕ್ಕೆ ತೆತ್ತದ್ದೇನು ಎಂಬುದೂ ಡೈರಿಯಲ್ಲಿದೆ: “ಶ್ರಾವಣ ಸೋಮವಾರ. ಬೀದಿಯವರೆಲ್ಲ ಗೆಡ್ಡೆ ಕಿತ್ತು ತಿಂದದ್ದರಿಂದ ಕೆರೆಯಲ್ಲಿ ಒಂದು ತಾವರೆಯೂ ಇಲ್ಲ. ಅತ್ತೆ ಪೂಜೆಗೆ ಕಣಗಿಲೆ ಏರಿಸಿದರು. ಎಡೆಗೆ, ಸಿಕ್ಕ ಕೊನೆಯ ಗೆಡ್ಡೆಯ ಪಲ್ಯ.”