ಭುವನಮೋಹನನ ಮೂಗು

ಸರ್ಕಲ್ಲಿನ ಫ್ಲೆಕ್ಸಿನಲ್ಲಿ ನಗುತ್ತಿರುವುದು ನಟ ಭುವನಮೋಹನ್ ಅಲ್ಲ, ನಮ್ಮ ತಾತ. ಸದ್ಯಕ್ಕೆ ಇದು ನನಗೊಬ್ಬಳಿಗೇ ಗೊತ್ತು.

ಮಮತಾ ಇದನ್ನು ತನ್ನೊಳಗೇ ಹೇಳಿಕೊಂಡಳು. ಹೊರಗೆ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಬಿ.ಎ. ಮುಗಿಸಿದ ಮೇಲೆ ಅವಳು ಗಟ್ಟಿಯಾಗಿ ಆಡಿದ್ದೆಂದರೆ ಬಸ್ಸಿನಲ್ಲಿ 'ಇಲ್ಲೇ ಇಳೀತೀನಿ' ಎಂಬ ಮಾತೊಂದೇ, ಅದೂ ಸ್ಟಾಪು ದಾಟಿದ ಮೇಲೆ.

ತಪ್ಪು ಅವಳ ಬೆರಳಿನದು. ಭುವನಮೋಹನ್ ಹುಟ್ಟುಹಬ್ಬಕ್ಕೆಂದು ಸಂತೇಬೆನ್ನೂರಿನ ಅಭಿಮಾನಿ ಸಂಘದ ಅಧ್ಯಕ್ಷ ಪ್ರವೀಣ್ ಕುಮಾರ್, "ಡಿಗ್ರಿ ಓದಿರೋಳು ನೀನು, ಒಂದು ಹಳೇ ಫೋಟೋ ಹುಡುಕಿ ಕಳ್ಸು. ಸಂಜೆ ಅವರ ಜೀವನ-ಸಾಧನೆ ಬಗ್ಗೆ ನೀನೇ ಮಾತಾಡ್ಬೇಕು" ಎಂದಿದ್ದ. ಮೊಬೈಲಿನಲ್ಲಿ ಭುವನಮೋಹನ್ ಫೋಟೋದ ಪಕ್ಕದಲ್ಲೇ, ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ತಾತ ದುರುಗಪ್ಪನ ಹರೆಯದ ಫೋಟೋ ಇತ್ತು. ಆ ಕಾಲದಲ್ಲಿ ಹೊನ್ನಾಳಿಯ ಸ್ಟುಡಿಯೋಕ್ಕೆ ಯಾರೇ ಹೋಗಿ ಕೂತರೂ ಭುವನಮೋಹನ್ ಆಗಿಯೇ ಹೊರಬರುತ್ತಿದ್ದರು: ಹಣೆಯ ಮೇಲೆ ಸುರುಳಿ ಕೂದಲು, ಕೊರಳಲ್ಲಿ ಸ್ಟುಡಿಯೋದವರದೇ ಕರವಸ್ತ್ರ, ಎಡಕ್ಕೆ ವಾಲಿದ ಕತ್ತು. ಬೆರಳು ಪಕ್ಕದ ಫೋಟೋವನ್ನು ಒತ್ತಿತ್ತು.

ಅವಳು ಫ್ಲೆಕ್ಸಿನ ಕೆಳಗೆ ನಿಂತಿದ್ದ ಪ್ರವೀಣನತ್ತ ಓಡಿದಳು. "ಪ್ರವೀಣಣ್ಣ, ಆ ಫೋಟೋ..."

"ಬೆಂಕಿ ಐತಮ್ಮ! ಆ ಕಣ್ಣು ನೋಡು. ಇಂಥ ಕಣ್ಣು ಇನ್ಯಾರಿಗಾದ್ರೂ ಐತಾ?"

ಪ್ರವೀಣ್ ಹುಟ್ಟುವ ಹೊತ್ತಿಗೆ ಭುವನಮೋಹನ್ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಭಿಮಾನಕ್ಕೆ ಅದೇನೂ ತೊಡಕಾಗಿರಲಿಲ್ಲ.

ಪಕ್ಕದ ಹೋಟೆಲಿನ ಓಬಣ್ಣ ಮಂಡಕ್ಕಿ ಕಲಸುತ್ತಲೇ ಕೂಗಿದ: "ಭಾಷಣದಾಗೆ ನನ್ ಹೆಸ್ರೂ ಸೇರಿಸವ್ವ. ಶೂಟಿಂಗಿಗೆ ಬಂದಾಗ ಇದೇ ಬೆಂಚಿನ ಮ್ಯಾಲೆ ಕೂತು ತಿಂದೋರು. ಈ ಮುಖ ಮರೆಯಾಕೆ ಆಗ್ತೈತಾ?"

ಈ ಮುಖ ನಿನ್ನೆ ತಾನೇ ಅದೇ ಬೆಂಚಿನ ಮೇಲೆ ಕೂತು, ಮಂಡಕ್ಕಿ ಮೆತ್ತಗಾಗಿದೆಯೆಂದು ಓಬಣ್ಣನ ಜೊತೆ ಜಗಳವಾಡಿತ್ತು.

ಮಧ್ಯಾಹ್ನ ಜಗಳೂರಿನ ಅಭಿಮಾನಿಗಳು ಟೆಂಪೋದಲ್ಲಿ ಬಂದಿಳಿದು ಫ್ಲೆಕ್ಸಿಗೆ ಕೊಡಗಟ್ಟಲೆ ಹಾಲೆರೆದರು. ಮನೆಯಲ್ಲಿ ಅಜ್ಜಿ ದ್ಯಾಮಮ್ಮ ಆ ಮುಖಕ್ಕೆ ಎರಡನೇ ಸಲದ ಚಹಾಕ್ಕೂ ಹಾಲು ಹಾಕುತ್ತಿರಲಿಲ್ಲ.

ಸಂಜೆ ತಾತನೇ ಬಂದ. ಹರೆಯದಲ್ಲಿ ತಾನು ಥೇಟ್ ಭುವನಮೋಹನ್ ಹಾಗಿದ್ದೆನೆಂದು ಆತ ಐವತ್ತು ವರ್ಷದಿಂದ ಹೇಳುತ್ತಿದ್ದ. ಊರು ಐವತ್ತು ವರ್ಷದಿಂದ ನಗುತ್ತಿತ್ತು. ತಾನು ಆ ಫೋಟೋ ತೆಗೆಸಿಕೊಂಡದ್ದು ಮಾತ್ರ ಆತನಿಗೆ ಪೂರ್ತಿ ಮರೆತುಹೋಗಿತ್ತು.

"ನೋಡ್ರಲೇ! ನಾನು ಹೇಳಿದ್ದು ಸುಳ್ಳಾ?"

ಜನ ಫ್ಲೆಕ್ಸನ್ನು ನೋಡಿದರು, ತಾತನನ್ನು ನೋಡಿದರು. "ಅಯ್ಯೋ ಶಿವನೇ, ಕಿವಿ ಸೈತ ಅದೇ!"

ಅತಿಥಿಗೆಂದು ತಂದಿದ್ದ ಶಾಲನ್ನು ಪ್ರವೀಣ್ ತಾತನಿಗೇ ಹೊದಿಸಿಬಿಟ್ಟ. ತಾತನ ಕಣ್ಣು ತುಂಬಿತು. ಮಮತಾ ಭಾಷಣದ ಹಾಳೆ ಬಿಚ್ಚಿದಳು. ಈಗ ನಿಜ ಹೇಳಿದರೆ, ತನ್ನ ಫೋಟೋವನ್ನು ತಾನೇ ಹೋಲುತ್ತೇನೆಂದು ಸನ್ಮಾನ ಮಾಡಿಸಿಕೊಂಡವನೆಂದು ಊರು ತಾತ ಸಾಯುವವರೆಗೂ ನಗುತ್ತದೆ.

ಅವಳು ಮೈಕಿನ ಮುಂದೆ ನಿಂತು, ಇರುವೆ ಆಕಳಿಸಿದಷ್ಟು ಸದ್ದಿನಲ್ಲಿ ಓದತೊಡಗಿದಳು: ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಹುಡುಗ; ನಾಯಕ ಕಾಯಿಲೆ ಬಿದ್ದ ದಿನ ಪರದೆಯ ಈಚೆಗೆ ಬಂದವನು; ಆಮೇಲೆ ನೂರು ದಿನದ ಚಿತ್ರಗಳು; ಕೊನೆಗೆ ತಾನೇ ನಿರ್ಮಿಸಿ, ಮನೆ ಮಾರಿಸಿದ ಚಿತ್ರ...

ಅಷ್ಟರಲ್ಲಿ ನಿವೃತ್ತ ಟೀಚರ್ ವನಜಾಕ್ಷಿ ಎದ್ದರು. ಕೈಯಲ್ಲಿ ದೇವರ ಮನೆಯಿಂದ ಇಳಿಸಿ ತಂದ ಫೋಟೋ. ಭುವನಮೋಹನ್ ತಾನೇ ರುಜು ಹಾಕಿಕೊಟ್ಟದ್ದು.

"ಪ್ರವೀಣ, ಆ ಫ್ಲೆಕ್ಸಿನಾಗೆ ಇರೋನು ಯಾವನೋ? ಮೂಗು ನೋಡು!"

ಇಡೀ ಸಭೆ ಮೂಗು ನೋಡಿತು. ಟೀಚರ್ ಕೈಯಲ್ಲಿದ್ದದ್ದು ನೀಳ, ಫ್ಲೆಕ್ಸಿನದು ಮೊಂಡು.

ತಾತ ಶಾಲು ಸರಿಪಡಿಸಿಕೊಂಡು ಎದ್ದುನಿಂತ. "ಮೇಡಂ, ನಿಮ್ದೇ ಡೂಪ್ಲಿಕೇಟು. ಅವರ ಮೂಗು ಹಂಗಿರಲಿಲ್ಲ, ನನ್ನಂಗೆ ಇತ್ತು."

"ಹೌದ್ರೀ, ನಾನು ಕಣ್ಣಾರೆ ಕಂಡೀನಿ!" ಎಂದ ಓಬಣ್ಣ. ಜಗಳೂರಿನ ಅಭಿಮಾನಿಗಳು ಶಿಳ್ಳೆ ಹೊಡೆದು, ಟೀಚರ್ ಕೈಯಲ್ಲಿದ್ದ ಅಸಲಿ ಭುವನಮೋಹನ್‌ಗೆ ಧಿಕ್ಕಾರ ಕೂಗಿದರು.

ಟೀಚರ್ ಫೋಟೋವನ್ನು ಎದೆಗವಚಿಕೊಂಡರು. "ಮಮತಾ, ನೀನು ಓದಿದ ಹುಡುಗಿ, ಸುಳ್ಳು ಹೇಳೋಳಲ್ಲ. ಈ ಎರಡ್ರಾಗೆ ಭುವನಮೋಹನ್ ಯಾರು, ಹೇಳಮ್ಮ."

ಊರೆಲ್ಲ ಅವಳತ್ತ ತಿರುಗಿತು. ಆ ಕಡೆ ಟೀಚರ ಕಣ್ಣೀರು. ಈ ಕಡೆ ತಾತ, ಕತ್ತನ್ನು ಎಡಕ್ಕೆ ವಾಲಿಸಿ, ಬೋಳು ಹಣೆಯ ಮೇಲೆ ಇಲ್ಲದ ಸುರುಳಿಯನ್ನು ಬೆರಳಲ್ಲಿ ತೀಡಿಕೊಳ್ಳುತ್ತಿದ್ದ. ಮಮತಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. ದನಿ ಅವಳೇ ಬೆಚ್ಚುವಷ್ಟು ಗಟ್ಟಿಯಾಗಿ ಬಂತು.

"ನಾನು ಅವರ ಒಂದು ಸಿನಿಮಾನೂ ನೋಡಿಲ್ಲ."