ಚಿಕೋರಿ ಬೆರೆತ ಪಿಯಾನೊ

ಮೂಡಿಗೆರೆಯಲ್ಲಿ ಇದುವರೆಗೆ ಯಾವ ತಾಯಿಯೂ ಆರಿಸದಷ್ಟು ವೈಜ್ಞಾನಿಕವಾಗಿ ಪಿಯಾನೊ ಆರಿಸಿ ಮಗಳಿಗೆ ಕೊಡಿಸುತ್ತೇನೆ ಎಂದು ಸೋಮವಾರ ಬೆಳಿಗ್ಗೆ ಒಲೆಯ ಮುಂದೆ ನಿಂತು ಪ್ರತಿಜ್ಞೆ ಮಾಡಿದೆ. ಪ್ರತಿಜ್ಞೆ ಮುಗಿಯುವುದರೊಳಗೆ ಹಾಲು ಉಕ್ಕಿತು. ಶುಭಸೂಚನೆ ಎಂದುಕೊಂಡೆ!

ಮಗಳು ತನುಜಾಗೆ ಏಳು ವರ್ಷ. ಶನಿವಾರ ಶಾಲೆಯ ಕಾರ್ಯಕ್ರಮದಲ್ಲಿ ಮೊದಲ ಸಲ ವೇದಿಕೆ ಹತ್ತಿ, ಒಬ್ಬಳೇ ಕೂತು ಪಿಯಾನೊ ನುಡಿಸಬೇಕು. ಮನೆಯಲ್ಲಿ ಅಭ್ಯಾಸಕ್ಕಿದ್ದದ್ದು ಅವಳ ಅಜ್ಜಿ, ಅಂದರೆ ನಮ್ಮತ್ತೆ, ಬಣಕಲ್‌ನ ಅಂಗಡಿಯಲ್ಲಿ ಕೊಡಿಸಿದ ಬ್ಯಾಟರಿ ಕೀಬೋರ್ಡ್ ಒಂದೇ. ಅದರ ಒಂದು ಕೀ ಒತ್ತಿದರೆ ಸ್ವರವೇ ಬರುವುದಿಲ್ಲ, ಬರೀ ‘ಟಕ್’ ಎನ್ನುತ್ತದೆ. “ಇಂಥದ್ದು ಕೇಳಿದ್ರೆ ಮಗು ಕಿವಿ ಕೆಟ್ಟುಹೋಗುತ್ತೆ!” ಎಂದು ಅದನ್ನು ಮಂಚದ ಕೆಳಗೆ ತಳ್ಳಿದೆ.

ಅವತ್ತೇ ಎರಡು ಡಿಜಿಟಲ್ ಪಿಯಾನೊಗಳು ಪರೀಕ್ಷೆಗೆಂದು ಮನೆಗೆ ಬಂದು ಮಲಗುವ ಕೋಣೆಯಲ್ಲಿ ಎದುರುಬದುರು ನಿಂತವು. ಒಂದು ಚಿಕ್ಕಮಗಳೂರಿನ ಅಂಗಡಿಯದು. ಇನ್ನೊಂದು ನಮ್ಮವರ ಗೆಳೆಯ ಮಲ್ಲೇಶ್ ಬಾಳೂರಿನ ತನ್ನ ಹೋಂಸ್ಟೇಗೆ ಕೊಂಡು, ಈಗ ಮಾರಲು ಹೊರಟು, ಜೀಪಿನಲ್ಲಿ ಹಾಕಿಕೊಂಡು ತಂದದ್ದು. ಎರಡರ ಮೇಲೂ ‘ಫಿಸಿಕಲ್ ಮಾಡೆಲಿಂಗ್’ ಎಂದೇ ಬರೆದಿತ್ತು!

ಹಾಗೆಂದರೇನು ಎಂದು ಮನೆಯವರಿಗೆಲ್ಲ ನಾನೇ ಪಾಠ ಮಾಡಿದೆ. ಮಾಮೂಲಿ ಡಿಜಿಟಲ್ ಪಿಯಾನೊದಲ್ಲಿ ಅಸಲಿ ಪಿಯಾನೊದ ಸ್ವರಗಳನ್ನು ಮೊದಲೇ ರೆಕಾರ್ಡ್ ಮಾಡಿ ತುಂಬಿರುತ್ತಾರೆ. ಮಾಡೆಲಿಂಗಿನದರಲ್ಲಿ ಆ ಸ್ವರಗಳು ಇರುವುದೇ ಇಲ್ಲ. ಬೆರಳು ಒತ್ತಿದ ಕ್ಷಣದಲ್ಲೇ ತಂತಿ ಎಷ್ಟು ಬಿಗಿ, ಅದನ್ನು ಬಡಿಯುವ ಸುತ್ತಿಗೆ ಎಷ್ಟು ಮೆತ್ತಗೆ, ಮರ ಹೇಗೆ ಮೊಳಗಬೇಕು ಎಂದು ಲೆಕ್ಕ ಹಾಕಿ ಸ್ವರವನ್ನು ಹೊಸದಾಗಿ ಹುಟ್ಟಿಸುತ್ತದೆ. ಒಳಗೆ ತಂತಿಯೂ ಇಲ್ಲ, ಸುತ್ತಿಗೆಯೂ ಇಲ್ಲ. ಎಲ್ಲ ಮಾಯೆ!

“ಅದು ಫ್ಲಾಸ್ಕಿನ ಕಾಫಿ. ಇದು ಈಗಷ್ಟೇ ಇಳಿದ ಡಿಕಾಕ್ಷನ್” ಎಂದು ಮುಗಿಸಿದೆ.

“ಮಲ್ಲೇಶಂದು?” ಎಂದರು ನಮ್ಮವರು, ವಿಶ್ವನಾಥ್.

“ಅದರಲ್ಲಿ ಸ್ವರ ರೆಕಾರ್ಡಿಂದು ರೀ. ಮೊಳಗು ಮಾತ್ರ ಮಾಡೆಲಿಂಗು.”

“ಅಂದ್ರೆ ಚಿಕೋರಿ ಬೆರೆಸಿದ್ದು ಅನ್ನು.”

ಚಿಕೋರಿ! ಕಾಫಿಗೆ ಬೆರೆಸುವ ಆ ಅಗ್ಗದ ಬೇರಿನ ಪುಡಿ, ನಮ್ಮವರಂಥ ಕಾಫಿ ವ್ಯಾಪಾರಿಯ ಮನೆಯ ಹೊಸ್ತಿಲು ದಾಟಬಾರದ ಪದಾರ್ಥ! ಮಲ್ಲೇಶನ ಪಿಯಾನೊ ನನ್ನ ಮನಸ್ಸಿನಲ್ಲಿ ಅಲ್ಲೇ ಸೋತುಹೋಯಿತು.

ಅಂಗಡಿಯ ಪಿಯಾನೊಗೆ ಇನ್ನೊಂದು ಮಹಿಮೆಯಿತ್ತು. ಅದು ನನ್ನ ಫೋನಿಗೆ ಸೇರುತ್ತಿತ್ತು. ಇಲ್ಲದ ತಂತಿಗೆ ಎಷ್ಟು ವಯಸ್ಸಾಗಿರಬೇಕು, ಇಲ್ಲದ ಮುಚ್ಚಳ ಎಷ್ಟು ತೆರೆದಿರಬೇಕು, ಎಲ್ಲವನ್ನೂ ಪರದೆಯ ಮೇಲೆ ಬೆರಳಾಡಿಸಿಯೇ ಬದಲಿಸಬಹುದು. ಅವತ್ತಿನಿಂದ ನನ್ನ ಬೆರಳಿಗೆ ಬಿಡುವಿಲ್ಲ. ಕಾಲು ಒಂದು ಕಡೆ ನಿಲ್ಲದು. ಉಪ್ಪಿಟ್ಟಿಗೆ ರವೆ ಹಾಕಿ ಓಡಿಬಂದು ತಂತಿಗೆ ವಯಸ್ಸು ಏರಿಸಿದೆ, ರವೆ ಸೀದಿತು. ಬಟ್ಟೆ ಅರ್ಧ ಹಿಂಡಿ ಬಂದು ಮುಚ್ಚಳ ತೆರೆದೆ. ಮಳೆ ಬಂದು ಹಿಂಡಿದ್ದನ್ನೂ ನೆನೆಸಿತು.

“ಅಮ್ಮಾ, ಈಗ ನಾನು ನುಡಿಸ್ಲಾ?”

“ತಡಿ ಚಿನ್ನಾ, ಸುತ್ತಿಗೆ ಸ್ವಲ್ಪ ಗಟ್ಟಿಯಾಯ್ತು.”

“ಇನ್ನೊಂದ್ರಲ್ಲಿ?”

“ಅದನ್ನ ಮುಟ್ಬೇಡ, ಅದರ ಜೊತೆ ಹೋಲಿಸಿ ನೋಡ್ಬೇಕು!”

ಅತ್ತೆ ಗಿರಿಜಾಂಬಾ ಕಾಳು ಆರಿಸುತ್ತಾ ಕೂತಿದ್ದವರು ತಲೆ ಎತ್ತದೆ ಕೇಳಿದರು. “ಭುವನಾ, ಶನಿವಾರ ಸ್ಟೇಜ್ ಹತ್ತೋದು ಯಾರೇ? ನೀನಾ, ಮಗುವಾ?”

ಹೀಗೆ ಶುಕ್ರವಾರ ಬಂದೇಬಿಟ್ಟಿತು. ಮಧ್ಯಾಹ್ನ ಮಲ್ಲೇಶ್ ತನ್ನ ಪಿಯಾನೊದ ತೀರ್ಪು ಕೇಳಲು ಬಂದು ಕೂತ. ನನಗೆ ಥಟ್ಟನೆ ಹೊಳೆಯಿತು: ಕಪ್ಪಿಂಗ್!

ತೋಟಗಳಿಂದ ಸ್ಯಾಂಪಲ್ ಬಂದಾಗ ನಮ್ಮವರು ಕಾಫಿಯ ರುಚಿ ನೋಡುವ ಕ್ರಮವದು. ಬಟ್ಟಲುಗಳಿಗೆ ತೋಟದ ಹೆಸರಿರುವುದಿಲ್ಲ, ನಂಬರು ಮಾತ್ರ. ಚಮಚದಲ್ಲಿ ಸೊರ್ರನೆ ಹೀರಬೇಕು, ಉಗಿಯಬೇಕು, ಚೀಟಿಯಲ್ಲಿ ಬರೆಯಬೇಕು. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಒಬ್ಬರ ಮಾತು ಇನ್ನೊಬ್ಬರ ನಾಲಿಗೆ ಕೆಡಿಸುತ್ತದಂತೆ. ತನು ಈ ಶಿಸ್ತಿನಲ್ಲೇ ಬೆಳೆದವಳು. ಒಮ್ಮೆ ಕಪ್ಪಿಂಗ್ ನಡುವೆ ಬೆಕ್ಕು ಹಾಲಿಗೆ ಬಾಯಿ ಹಾಕಿದಾಗಲೂ ಬೆರಳು ತೋರಿಸಿ ಕಣ್ಣರಳಿಸಿದಳೇ ಹೊರತು ಉಸಿರೆತ್ತಲಿಲ್ಲ!

ಕೋಣೆಯ ಬಾಗಿಲಿಗೆ ಬೆಡ್‌ಶೀಟ್ ಕಟ್ಟಿದೆ. ಒಳಗೆ ತನು. ಹೊರಗೆ ಹಾಲ್‌ನಲ್ಲಿ ಚೀಟಿ, ಪೆನ್ನು ಹಿಡಿದ ನಾಲ್ವರು ನ್ಯಾಯಾಧೀಶರು. ಗುಯ್‌ಗುಟ್ಟಬಾರದೆಂದು ಫ್ರಿಜ್ಜು, ಫ್ಯಾನು ಎರಡನ್ನೂ ಆರಿಸಿದೆ.

“ನಿನಗೆ ಇಷ್ಟ ಬಂದದ್ದನ್ನ ಮೊದಲು ನುಡಿಸು. ಯಾವುದು ಅಂತ ಹೇಳ್ಬೇಡ. ಆಮೇಲೆ ಇನ್ನೊಂದು. ಏನೇ ಆದ್ರೂ ಮಧ್ಯೆ ಮಾತಾಡಂಗಿಲ್ಲ!”

ಒಂದನೇ ನಂಬರು ಶುರುವಾಯಿತು. ಸ್ವರವೇನೋ ತುಂಬಿತ್ತು, ಆದರೆ ಹಾಡು ಹೆದರಿಕೊಂಡು ಹೆಜ್ಜೆ ಇಟ್ಟಂತೆ ಬಂತು. ಎರಡು ಕಡೆ ತಡವರಿಸಿ, ಒಂದು ಕಡೆ ನಿಂತೇಬಿಟ್ಟಿತು. ‘ಜೀವವಿಲ್ಲ. ಚಿಕೋರಿ!’ ಎಂದು ಬರೆದು ಅಡಿಗೆರೆ ಎಳೆದೆ.

ಆಮೇಲೆ ಮೌನ. ಉದ್ದನೆಯ ಮೌನ. ಅತ್ತೆ ಬಾಯಿ ತೆರೆದರು, ನಾನು ತುಟಿಯ ಮೇಲೆ ಬೆರಳಿಟ್ಟೆ. ಒಳಗೇನೋ ಸರಿದಾಡಿದ ಸದ್ದು. ಕೊನೆಗೆ ಎರಡನೇ ನಂಬರು ಹೊಮ್ಮಿತು.

ಆಹಾ! ಅದೇ ಹಾಡು, ಆದರೆ ಈಗ ಜಿಂಕೆಮರಿ! ಎಲ್ಲೂ ತಡೆಯಿಲ್ಲ. ಸ್ವರ ತುಸು ತೆಳುವಾಗಿತ್ತು, ನಿಜ. ಆದರೆ ತಂತಿಗೆ ವಯಸ್ಸು ಏರಿಸಿದವಳು ನಾನೇ ಅಲ್ಲವೇ? ನಡುನಡುವೆ ‘ಟಕ್’ ಎಂದಾಗಲಂತೂ ಮೈ ಜುಮ್ಮೆಂದಿತು. ಇಲ್ಲದ ಸುತ್ತಿಗೆಯ ಸದ್ದನ್ನೂ ಲೆಕ್ಕ ಹಾಕಿದೆಯಲ್ಲ, ಏನು ತಂತ್ರಜ್ಞಾನ! ‘ಹಳೆಯ ಮರದ ಪ್ರಾಮಾಣಿಕ ದನಿ. ಇದೇ ಅಸಲಿ!’ ಎಂದು ಚೀಟಿಯ ಹಿಂಬದಿಯೂ ತುಂಬುವಂತೆ ಬರೆದೆ.

ಹಾಡು ನಿಂತಿತು. ಎಲ್ಲರೂ ಚೀಟಿ ಬಿಚ್ಚಿದರು. ನನ್ನದನ್ನು ನಾನೇ ಮೊದಲು ಗಟ್ಟಿಯಾಗಿ ಓದಿದೆ, ಹಿಂಬದಿ ಸಮೇತ.

“ಎರಡನೇದು” ಎಂದರು ನಮ್ಮವರು, ಕಪ್ಪಿಂಗ್ ಗತ್ತಿನಲ್ಲಿ. “ಬಾಡಿ ಕಮ್ಮಿ, ತೆಳು, ಆದ್ರೆ ಕ್ಲೀನ್. ಕೊನೆಯಲ್ಲಿ ಚೂರು ತಗಡಿನ ಒಗರು.”

ಮಲ್ಲೇಶ್ ನಿಟ್ಟುಸಿರು ಬಿಟ್ಟ. “ನನ್ ಪಿಯಾನೊ ಮಾರೋಕ್ ಬಂದು ನಾನೇ ಎರಡನೇದಕ್ಕೆ ಹಾಕ್ದೆ ಮಾರಾಯಾ! ಅತ್ತಿಗೆ, ನೀವೇ ಗೆದ್ರಿ.”

“ನನಗೆ ತಂತಿಗಿಂತಿ ಗೊತ್ತಿಲ್ಲಮ್ಮ” ಎಂದರು ಅತ್ತೆ. “ಎರಡನೇದ್ರಲ್ಲಿ ಮಗು ಹೆದರ್ಲಿಲ್ಲ, ಅಷ್ಟೇ.”

ನಾನು ರಾಜಗಾಂಭೀರ್ಯದಿಂದ ಎದ್ದು ಬೆಡ್‌ಶೀಟ್ ಸರಿಸಿದೆ.

ಪಿಯಾನೊಗಳೆರಡೂ ದೀಪವಾರಿಸಿಕೊಂಡು ಸುಮ್ಮನೆ ನಿಂತಿದ್ದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ತನುವಿನ ತೊಡೆಯ ಮೇಲೆ ಬಣಕಲ್‌ನ ಬ್ಯಾಟರಿ ಕೀಬೋರ್ಡ್!

“ತನೂ! ಏನೇ ಇದು?”

ಅವಳು ಬಾಯಿ ಬಿಡಲಿಲ್ಲ. ಅಪ್ಪನ ಕಡೆ ನೋಡಿದಳು. “ಮುಗೀತು ಪುಟ್ಟಾ, ಮಾತಾಡು” ಎಂದರು ಅವರು.

“ಒಂದು ನುಡಿಸಿದ್ಮೇಲೆ ಕರೆಂಟ್ ಹೋಯ್ತು. ಮಾತಾಡಂಗಿಲ್ಲ ಅಂದಿದ್ದೆಯಲ್ಲ ಅಮ್ಮಾ? ಅದಕ್ಕೆ ಇದ್ರಲ್ಲೇ ನುಡಿಸ್ದೆ.”

“ಇದ್ರಲ್ಲಿ ಅಷ್ಟು ಚೆನ್ನಾಗಿ ಹೇಗೆ ಬಂತೇ?”

“ದಿನಾ ಮಂಚದ ಕೆಳಗೆ ತೂರ್ಕೊಂಡು, ಸೌಂಡ್ ಚಿಕ್ಕದು ಮಾಡಿ ಇದ್ರಲ್ಲೇ ಪ್ರಾಕ್ಟೀಸ್ ಮಾಡ್ತಿದ್ನಲ್ಲ. ಅವೆರಡರ ಮುಂದೆ ಯಾವಾಗ್ಲೂ ನೀನೇ ಕೂತಿರ್ತೀಯ.”

ನನ್ನ ಚೀಟಿಯನ್ನು ಮುಷ್ಟಿಯೊಳಗೆ ಉಂಡೆ ಮಾಡಿದೆ. ನಮ್ಮವರು ಕೈ ಚಾಚಿದರು. “ಕೊಡೆ ಭುವನಾ, ಹಳೆಯ ಮರದ ಪ್ರಾಮಾಣಿಕ ದನಿ ಇನ್ನೊಂದ್ಸಲ ಓದೋಣ.” ನಗುತ್ತಾ ನಗುತ್ತಾ ಮಲ್ಲೇಶನಿಗೆ ಕೆಮ್ಮು ಹತ್ತಿತು. ನಾನು ತನುವನ್ನು ಎಳೆದು ತಬ್ಬಿಕೊಂಡೆ. ತಲೆಗೂದಲಲ್ಲಿ ಮಂಚದಡಿಯ ಧೂಳು. ವಾರವಿಡೀ ಸ್ನಾನ ಮಾಡಿಸಿದವಳಿಗೆ ಅದೂ ಕಂಡಿರಲಿಲ್ಲ!

ಅಷ್ಟರಲ್ಲಿ ಕರೆಂಟ್ ಬಂತು. ಪಿಯಾನೊಗಳ ದೀಪಗಳು ಹೊತ್ತಿಕೊಂಡವು.

“ನೀನೇ ಹೇಳು ಮಗಳೇ. ಇವತ್ತು ಸಂಜೆಯೆಲ್ಲ ನಿಂದೇ. ನಿನಗೆ ಯಾವುದು ಬೇಕು?” ಎಂದೆ. ಹೇಳುತ್ತಲೇ ಅಂಗಡಿಯದಕ್ಕೆ ಮುಚ್ಚಳ ಕೊಂಚ ತೆರೆದಿಡೋಣವೆಂದು ಕೈ ಫೋನಿನ ಕಡೆ ಹೋಯಿತು.

ತನು ಅದನ್ನು ನೋಡಿದಳು. ಸೀದಾ ಹೋಗಿ ಮಲ್ಲೇಶನ ಪಿಯಾನೊ ಮುಂದೆ ಕೂತಳು.

“ಚಿಕೋರಿದು” ಎಂದಳು. “ಇದು ನಿನ್ನ ಫೋನಿಗೆ ಸೇರಲ್ಲ.”